ತಾಳ್ಮೆಯ ಪೆಟ್ರೋಲು

ರೂಬೆನ್ ಹಾಪಲನ ಸ್ನೋಮೊಬೈಲಿನಲ್ಲಿ, ಹಿಮದ ಮೇಲೆ ಓಡಿಸುವ ಮೋಟಾರು ಬಂಡಿಯಲ್ಲಿ, ಸದ್ದು ಶುರುವಾದದ್ದು ಗುರುವಾರ. ಟಿಕ್, ಟಿಕ್, ಟಿಕ್. ಹಲ್ಲಿಲ್ಲದ ಮುದುಕನೊಬ್ಬ ಚಮಚದಿಂದ ತಟ್ಟೆ ಬಡಿದು ಗಂಜಿ ಕೇಳುತ್ತಿರುವ ಹಾಗೆ. ಎಂಜಿನ್ನಿನ ಮುಚ್ಚಳ ಎತ್ತಿ ಕಿವಿಯಿಟ್ಟರೆ ಸದ್ದಿಲ್ಲ. ಮುಚ್ಚಿದರೆ ಮತ್ತೆ ಟಿಕ್, ಟಿಕ್.

ಬೇರೆಯವರಾಗಿದ್ದರೆ ಸದ್ದು ತಾನೇ ಎಂದು ಬಿಡುತ್ತಿದ್ದರು. ರೂಬೆನ್ ಇಪ್ಪತ್ತಾರು ವರ್ಷದಿಂದ ಶಾಲೆಯ ಬಾಯ್ಲರ್ ನೋಡಿಕೊಳ್ಳುವವನು. ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೊಳವೆಗಳ ಉಸಿರಾಟ ಕೇಳುತ್ತಾ ಮೈ ಬಿಳಿಚಿಕೊಂಡವನು. ಲೋಹ ಎಲ್ಲೇ ಬಡಿದುಕೊಂಡರೂ ಅದು ತನ್ನ ಎದೆಯಲ್ಲೇ ಬಡಿದಂತೆ ಅವನಿಗೆ ಕೇಳುತ್ತಿತ್ತು. ಹೆಂಡತಿ ಇಲ್ಮಾಗೆ ಇದು ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳ ಗಡಿಯಾರವನ್ನು ಅವನು ಮೂರು ಸಲ ಬಿಚ್ಚಿ ನೋಡಿದ್ದ.

ಈ ಸದ್ದು ಬೇರೆ ಯಾವ ವಾರ ಬಂದಿದ್ದರೂ ನಡೆಯುತ್ತಿತ್ತು. ಶನಿವಾರ ಮಿಂಕ್ ಕೆರೆಯ ಮೇಲೆ ಪಂದ್ಯ. ಪ್ರತಿ ಫೆಬ್ರವರಿಯಲ್ಲೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಬ್ಬಿಬ್ಬರಾಗಿ ಇನ್ನೂರು ಮೀಟರ್ ಬಂಡಿ ಓಡಿಸುತ್ತಾರೆ. ಹನ್ನೊಂದು ವರ್ಷದಿಂದ ಪಕ್ಕದ ಮನೆಯ ನಲ್ಲಿ ರಿಪೇರಿಯ ಕ್ಲಿಫರ್ಡ್ ಓಯನೆನ್ ಮೊದಲು, ರೂಬೆನ್ ಎರಡನೆಯವನು. ಒಂದು ವರ್ಷ ಮೊಳದ ಅಂತರ, ಒಂದು ವರ್ಷ ಗೇಣಿನದು. ಕಳೆದ ವರ್ಷ ಫೋಟೋ ಹಿಗ್ಗಿಸಿ ನೋಡಿದಾಗ ಬರೀ ನಾಲ್ಕು ಬೆರಳಿನದು.

ಹೊಸ ವರ್ಷದ ದಿನ ಇಲ್ಮಾ ಕಾಫಿ ಬಗ್ಗಿಸುತ್ತಾ ತಣ್ಣಗೆ ಹೇಳಿದ್ದಳು: "ಈ ಸಲ ಗೆದ್ರೆ ಗ್ಯಾರೇಜು ನಿಂದು. ಸಾಯೋತನಕ ಕೇಳಲ್ಲ. ಗೆಲ್ಲದಿದ್ರೆ ಬಂಡಿ ಮಾರು. ನನ್ನ ಮಗ್ಗ ಅಲ್ಲಿಗೆ ಹೋಗುತ್ತೆ. ಓಡಿಸದೆ ಇದ್ರೂ ಗೆಲ್ಲದ ಹಾಗೇ ಲೆಕ್ಕ."

ಅವಳ ಅಜ್ಜಿಯ ಮಗ್ಗ ಅದು. ಹಳೆ ಬಟ್ಟೆಯ ಚಿಂದಿಯಿಂದ ಜಮಖಾನೆ ನೇಯುವ, ದನದ ಕೊಟ್ಟಿಗೆಯಷ್ಟು ಭಾರದ್ದು. ನಿಲ್ಲಿಸುವಷ್ಟು ಎತ್ತರದ ಸೂರು, ಕೈ ಮರಗಟ್ಟದಷ್ಟು ಬೆಚ್ಚಗೆ ಇರುವ ಒಲೆ ಎರಡೂ ಇದ್ದ ಜಾಗ ಗ್ಯಾರೇಜು ಒಂದೇ. ಹಾಗಾಗಿ ಮಗ್ಗ ಒಂಬತ್ತು ವರ್ಷದಿಂದ ತುಂಡುತುಂಡಾಗಿ ಮಲಗುವ ಕೋಣೆಯಲ್ಲಿ ಬಿದ್ದಿತ್ತು. ರಾತ್ರಿ ಹಾಸಿಗೆ ಸೇರಬೇಕಾದರೆ ಇಬ್ಬರೂ ಅದರ ತೊಲೆ ದಾಟಬೇಕು. ಇಲ್ಮಾ ಪ್ರತಿಸಲ ದಾಟುವಾಗ ಒಂದು ಸಣ್ಣ ನಿಟ್ಟುಸಿರು ಬಿಡುತ್ತಿದ್ದಳು. ಆ ಸದ್ದನ್ನು ಮಾತ್ರ ರೂಬೆನ್ ಕೇಳಿಸಿಕೊಂಡವನಲ್ಲ.

ಗುರುವಾರ ಸಂಜೆಯೇ ಕ್ಲಿಫರ್ಡ್ ಬೇಲಿ ದಾಟಿ ಬಂದ. ಆ ಊರಿನಲ್ಲಿ ಎದುರಾಳಿಯಿಂದ ಏನನ್ನೂ ಮುಚ್ಚಿಡುವ ಪದ್ಧತಿ ಇಲ್ಲ. ಕೆಟ್ಟ ಎಂಜಿನ್ನಿನ ಎದುರು ಗೆದ್ದರೆ ಅದು ಗೆಲುವೇ ಅಲ್ಲ ಎಂದು ಎಲ್ಲರೂ ಒಪ್ಪಿದ್ದರು. ಅದರಿಂದಾಗಿ ಎದುರಾಳಿಯ ಸಲಹೆಯಿಂದ ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿರಲಿಲ್ಲ.

ಕ್ಲಿಫರ್ಡ್ ಟೋಪಿಯ ಕಿವಿ ಎತ್ತಿ ಎರಡು ನಿಮಿಷ ಕೇಳಿದ. "ಪೆಟ್ರೋಲು ಅವಸರ ಮಾಡ್ತಿದೆ ಕಣೋ. ಕಿಡಿ ಹತ್ತೋಕೆ ಮುಂಚೆನೇ ತಾನಾಗಿ ಹತ್ಕೊಳ್ತಿದೆ. ಪಿಸ್ಟನ್ನಿನ ತಲೆ ಮೇಲೆ ಸುತ್ತಿಗೆ ಹಾಕಿದ ಹಾಗೆ. ಹಿಂಗೇ ಓಡಿಸಿದ್ರೆ ತೂತು ಬೀಳುತ್ತೆ."

"ಮುಚ್ಚಳ ತೆಗೆದ್ರೆ ಸದ್ದಿಲ್ವಲ್ಲೋ."

"ತಣ್ಣನೆ ಗಾಳಿ ಹೊಡೆದ್ರೆ ಸುಮ್ನಾಗುತ್ತೆ. ನೋಡು, ನಿಂಗೆ ಬೇಕಾಗಿರೋದು ವಿಮಾನದ ಪೆಟ್ರೋಲು. ಮಾಮೂಲಿದರ ಜೊತೆ ಅರ್ಧಕ್ಕರ್ಧ ಬೆರೆಸು. ನನ್ನ ಸೋದರಮಾವ ಇಪ್ಪತ್ತು ವರ್ಷ ಅದನ್ನೇ ಹಾಕಿದ."

"ಈಗ ಏನ್ಮಾಡ್ತಾನೆ?"

"ಅವನಿಲ್ಲ ಈಗ. ಆದ್ರೆ ಎಂಜಿನ್ ಇದೆ."

ಶನಿವಾರ ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತೈದು ಕೆಳಗಿನ ಚಳಿ. ರೂಬೆನ್ ಬೂಟು ಹಾಕುತ್ತಿದ್ದಾಗ ಇಲ್ಮಾ ಏಲಕ್ಕಿ ಬನ್ನಿಗೆ ಹಿಟ್ಟು ನಾದುತ್ತಿದ್ದಳು. ಚರ್ಚಿನವರು ಕೆರೆಯ ಮೇಲೆ ಹಾಕುವ ಕಾಫಿ ಡೇರೆಗೆ ಅವಳದೇ ಬನ್ನು.

"ಸದ್ದು ಮಾಡೋ ಯಂತ್ರ ಓಡಿಸಬಾರದು ಅಂತ ನೀನೇ ಹೇಳ್ತೀಯ," ಎಂದಳು, ತಲೆ ಎತ್ತದೆ. "ಭಯ ಆದ್ರೆ ಬಿಟ್ಬಿಡು. ಯಾರೂ ಏನೂ ಅನ್ನಲ್ಲ."

"ಅದಕ್ಕೇ ವಿಮಾನದ ಪೆಟ್ರೋಲು ತರೋಕೆ ಹೊರಟಿದೀನಿ."

ಅವಳ ಕೈ ಹಿಟ್ಟಿನಲ್ಲಿ ಒಂದು ಗಳಿಗೆ ನಿಂತಿತು. "ಏನು ತರೋಕೆ?" ಎಂದಳು. ಅಷ್ಟರಲ್ಲಿ ಅವನು ಹೊರಗಿದ್ದ.

ಊರಾಚೆಯ ವಿಮಾನ ಇಳಿಯುವ ಪಟ್ಟಿಯಲ್ಲಿ ಒಂದು ತಗಡಿನ ಶೆಡ್ಡು, ಚಕ್ರದ ಬದಲು ಹಿಮಜಾರು ಹಲಗೆ ಕಟ್ಟಿದ ಎರಡು ಪುಟ್ಟ ವಿಮಾನ, ಅದನ್ನೆಲ್ಲ ನೋಡಿಕೊಳ್ಳುವ ಒಬ್ಬ ವರ್ನ್ ಪೆಲ್ಟಿಯರ್. ವಾರಕ್ಕೆ ಮೂರು ಜನರ ಮುಖ ನೋಡುತ್ತಿದ್ದ ವರ್ನ್, ಬಂದವರನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ. ಎರಡು ಕೆಂಪು ಕ್ಯಾನು ತುಂಬುವಷ್ಟರಲ್ಲಿ ಒಂದು ಪಾಠವೇ ಆಯಿತು.

"ಇದು ಶಕ್ತಿ ಕೊಡುತ್ತೆ ಅಂದ್ಕೊಂಡಿದ್ರೆ ವಾಪಸ್ ಸುರಿದು ಹೋಗು. ಇದು ಕೊಡೋದು ತಾಳ್ಮೆ. ಎಷ್ಟು ಒತ್ತಿದ್ರೂ ತಡ್ಕೊಂಡಿರುತ್ತೆ, ತನ್ನ ಸರದಿ ಬಂದಾಗಲೇ ಹತ್ಕೊಳ್ಳುತ್ತೆ. ಅಷ್ಟೇ ಇದರ ಗುಣ."

"ಅಷ್ಟೇ ಬೇಕು."

"ತೂಕ ಕಡಿಮೆ. ಕಾರ್ಬುರೇಟರಿಗೆ ಒಂದಂಕಿ ದೊಡ್ಡ ಜೆಟ್ ಹಾಕ್ಕೋ, ಪೆಟ್ರೋಲು ಸ್ವಲ್ಪ ಜಾಸ್ತಿ ಹೋಗ್ಲಿ. ಚಳಿಗೆ ಬೇಗ ಆವಿಯಾಗಲ್ಲ, ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ಮತ್ತೆ ಬಣ್ಣ ನೋಡ್ಕೋ. ಹುಟ್ಟುತ್ತಲೇ ನೀಲಿ ಇದು. ಬೇರೆ ಪೆಟ್ರೋಲ್ ಜೊತೆ ಕಲಸಿಹೋಗಬಾರದು ಅಂತ ಕಂಪನಿಯವರೇ ಬಣ್ಣ ಹಾಕಿರ್ತಾರೆ. ನೀವು ಬೆರೆಸೋ ರೇಸ್ ಆಯಿಲ್ಲೂ ನೀಲಿನೇ ಅಲ್ವಾ?"

"ನೀಲಿನೇ."

"ನೋಡ್ಕೋ ಹಂಗಾದ್ರೆ."

ರೂಬೆನ್ ತಲೆಯಾಡಿಸಿದ. ಅವನು ತಾಳ್ಮೆಯ ವಿಷಯವನ್ನೇ ಯೋಚಿಸುತ್ತಿದ್ದ. ಹನ್ನೊಂದು ವರ್ಷ ಎರಡನೆಯವನಾಗಿರುವುದು ತಾಳ್ಮೆಯೋ, ಬರೀ ಅಭ್ಯಾಸವೋ? ನೆಲಮಾಳಿಗೆಯಲ್ಲಿ ಕೂತವನಿಗೆ ವರ್ಷಕ್ಕೊಮ್ಮೆ ಎಂಟು ಸೆಕೆಂಡು ಗಾಳಿ ಬೇಕಾಗುತ್ತದೆ. ಅದನ್ನು ಇಲ್ಮಾಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದ. ಬಾಯಿಗೆ ಬಂದದ್ದು ಪ್ರತಿಸಲವೂ ಬೇರಿಂಗಿನ ವಿಷಯ.

ಈ ಬಂಡಿಗಳದು ಟೂ-ಸ್ಟ್ರೋಕ್ ಎಂಜಿನ್. ಪಿಸ್ಟನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು. ಬೆರೆಸಿದ್ದು ಯಾವುದು, ಬರಿಯದು ಯಾವುದು ಎಂದು ತಿಳಿಯಲು ಊರಿನವರೆಲ್ಲರ ಹಾಗೆ ರೂಬೆನ್ ನೆಚ್ಚಿಕೊಂಡದ್ದು ಬಣ್ಣವನ್ನೇ: ನೀಲಿಯಿದ್ದರೆ ಆಯಿಲ್ ಬಿದ್ದಿದೆ, ತಿಳಿ ಹಳದಿಯಿದ್ದರೆ ಬಿದ್ದಿಲ್ಲ. ಮೂವತ್ತು ವರ್ಷ ಅವನು ಕ್ಯಾನಿನ ಮೇಲೆ ಒಂದು ಚೀಟಿ ಅಂಟಿಸಿದವನಲ್ಲ. ಗ್ಯಾರೇಜಿಗೆ ಬಂದವನೇ ಮೊದಲ ಕ್ಯಾನಿನ ಅರ್ಧ ತೆಗೆದು, ಮಾಮೂಲಿ ಪೆಟ್ರೋಲು ಸೇರಿಸಿ, ಆಯಿಲ್ ಅಳೆದು ಸುರಿದು, ಅಲ್ಲಾಡಿಸಿದ. ಎರಡನೇ ಕ್ಯಾನನ್ನು ಇರಲಿ ಎಂದು ಪಕ್ಕಕ್ಕಿಟ್ಟ. ಜೆಟ್ ಬದಲಾಯಿಸಿದ. ಹಗ್ಗ ಎಳೆದ.

ಎಂಜಿನ್ ಕೆಮ್ಮಲೂ ಇಲ್ಲ.

ನಲವತ್ತನೇ ಎಳೆತಕ್ಕೆ ಕ್ಲಿಫರ್ಡ್ ಬಂದ. ಅವನ ಹಿಂದೆ ಇನ್ನೂ ನಾಲ್ಕು ಜನ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. ಒಬ್ಬ ಮೆಲ್ಲಗೆ ಎಳಿ ಎಂದ, ಒಬ್ಬ ಜೋರಾಗಿ ಎಳಿ ಎಂದ. ಮೂರನೆಯವನು ರೂಬೆನ್ ಎಳೆಯುವಾಗ ಎಡಗಾಲು ಇಡುವ ರೀತಿಯೇ ತಪ್ಪು ಎಂದ.

"ಪ್ಲಗ್ ಬಿಚ್ಚು," ಎಂದ ಕ್ಲಿಫರ್ಡ್. "ಬಿಸಿ ಮಾಡಿದ್ರೆ ಹಾವಿನ ಹಾಗೆ ಎದ್ದು ಕೂರುತ್ತೆ."

ರೂಬೆನ್ ಬೇಡ ಎನ್ನುವಷ್ಟರಲ್ಲಿ ಎರಡು ಸ್ಪಾರ್ಕ್ ಪ್ಲಗ್ಗು ಹಿಡಿದು ಕ್ಲಿಫರ್ಡ್ ಅಡುಗೆಮನೆ ಹೊಕ್ಕು, ಒಲೆಯ ಬಾಗಿಲು ತೆಗೆದು, ಉಬ್ಬುತ್ತಿದ್ದ ಏಲಕ್ಕಿ ಬನ್ನುಗಳ ನಡುವೆ ಇಟ್ಟ.

"ಏನದು ಕ್ಲಿಫರ್ಡ್?"

"ಇವೂ ಬೇಯ್ಲಿ ಇಲ್ಮಾ. ಹತ್ತೇ ನಿಮಿಷ."

"ಸದ್ದು ಮಾಡೋ ಎಂಜಿನ್ನನ್ನ ಇಷ್ಟು ಕಷ್ಟಪಟ್ಟು ಯಾಕೆ ಎಬ್ಬಿಸ್ತೀರ? ಮಲಗಿರಲಿ ಬಿಡಿ."

"ಅಯ್ಯೋ, ನಾನು ಇರೋವಾಗ ನಿನ್ನ ಗಂಡನ ಬಂಡಿ ಮಲಗೋಕೆ ಬಿಡ್ತೀನಾ," ಎಂದ ಕ್ಲಿಫರ್ಡ್, ಭರವಸೆ ಕೊಡುವ ದನಿಯಲ್ಲಿ. ಇಲ್ಮಾ ಅವನನ್ನು ನೋಡಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಬಿಸಿ ಪ್ಲಗ್ಗಿಗೆ ಎಂಜಿನ್ ಎದ್ದಿತು. ಮುಚ್ಚಳ ಹಾಕಿದೊಡನೆ ಅದೂ ಎದ್ದಿತು. ಟಿಕ್, ಟಿಕ್, ಟಿಕ್.

ಕೆರೆಯ ಮೇಲೆ ಹನ್ನೊಂದು ಗಂಟೆಯ ಬಿಸಿಲು ಕಣ್ಣಿಗೆ ಗಾಜು ಎರಚುತ್ತಿತ್ತು. ಸಾಲಾಗಿ ನಿಂತ ಬಂಡಿಗಳ ಹೊಗೆ ನೀಲಿಯಾಗಿ ಏಳುತ್ತಾ, ಕಾಫಿ ಡೇರೆಯ ವಾಸನೆಯೊಂದಿಗೆ ಬೆರೆಯುತ್ತಿತ್ತು. ರೂಬೆನ್ ಹೆಲ್ಮೆಟ್ ಹಾಕದೆ ಎಂಜಿನ್ನಿನ ಮುಚ್ಚಳದ ಮೇಲೆ ಬಗ್ಗಿ ನಿಂತಿದ್ದ. ಕ್ಲಿಫರ್ಡ್ ತನ್ನ ಬಂಡಿ ಬಿಟ್ಟು ಓಡಿಬಂದ.

"ಇನ್ನೂ ಬಡೀತಿದೆಯಲ್ಲೋ."

"ನಾನು ಹಿಂದೆ ಸರೀತೀನಿ ಕ್ಲಿಫರ್ಡ್. ಇದು ತೂತಾದ್ರೆ ಮತ್ತೆ ಕಟ್ಟೋಕಾಗಲ್ಲ."

ಹತ್ತು ಹೆಜ್ಜೆ ಆಚೆ ಬನ್ನಿನ ಬುಟ್ಟಿ ಹಿಡಿದು ನಿಂತಿದ್ದ ಇಲ್ಮಾಳ ಮುಖದಲ್ಲಿ, ಮೋಡ ಸರಿದ ಹಾಗೆ, ಏನೋ ಸಡಿಲವಾಯಿತು.

"ಸರಿಯೋದಾ? ನನ್ನ ಎದುರು ಯಾರು ಓಡ್ತಾರೆ ಹಂಗಾದ್ರೆ? ಒಬ್ಬನೇ ಓಡಿ ಗೆದ್ದು ಊರಿಗೆ ಮುಖ ತೋರಿಸ್ಲಾ ನಾನು?" ಕ್ಲಿಫರ್ಡ್ ನಿಜವಾಗಿ ನೊಂದಿದ್ದ. "ಅರ್ಧ ಸಾಲದು ಇದಕ್ಕೆ. ಪೂರ್ತಿ ಹಾಕು. ಇನ್ನೊಂದು ಕ್ಯಾನ್ ತಂದಿದೀಯಲ್ಲ, ಎಲ್ಲಿ?"

ಧ್ವನಿವರ್ಧಕದಲ್ಲಿ ರೂಬೆನ್ನನ ಹೆಸರು ಎರಡನೇ ಸಲ ಬಂತು. ಇಬ್ಬರು ಟ್ಯಾಂಕಿನಲ್ಲಿದ್ದುದನ್ನು ಕೊಳವೆಯಿಂದ ಎಳೆದು ಖಾಲಿ ಮಾಡಿದರು. ಮತ್ತೊಬ್ಬ ಆಲಿಕೆ ಹಿಡಿದ. ರೂಬೆನ್, ಬಂಡಿಗೆ ಕಟ್ಟಿ ತಂದಿದ್ದ ಎರಡನೇ ಕ್ಯಾನಿನ ಮುಚ್ಚಳ ತಿರುಗಿಸಿದವನು, ಒಂದು ಕ್ಷಣ ನಿಂತ. ಇದಕ್ಕೆ ಆಯಿಲ್ ಹಾಕಿದ್ದೆನೆ? ಕ್ಯಾನನ್ನು ಬಿಸಿಲಿಗೆ ಓರೆ ಮಾಡಿ ಒಳಗೆ ನೋಡಿದ. ಶುದ್ಧ ನೀಲಿ. ನೆಮ್ಮದಿಯಾಯಿತು. ಸುರಿದ.

ಮೊದಲ ಓಟದಲ್ಲಿ ಅವನು ಒಂದು ಬಂಡಿ ಉದ್ದ ಮುಂದೆ ಬಂದ. ಎರಡನೆಯದರಲ್ಲಿ ಎರಡು ಬಂಡಿ ಉದ್ದ. ಎಂಜಿನ್, ಭಾರದ ಕೋಟು ಕಳಚಿದ ಮುದುಕನಂತೆ, ಹಗುರಾಗಿ ಒರಟಾಗಿ ಕೂಗುತ್ತಾ ಓಡಿತು. ಟಿಕ್ ಸದ್ದು ಆ ಕೂಗಿನಲ್ಲಿ ಮುಳುಗಿಹೋಯಿತು. ಹನ್ನೊಂದು ವರ್ಷದಲ್ಲಿ ಅದು ಹೀಗೆ ಓಡಿರಲಿಲ್ಲ. ರೂಬೆನ್ ವರ್ನನ ಮಾತು ನೆನೆಸಿಕೊಂಡ. ತಾಳ್ಮೆ. ಕಡೆಗೂ ತನ್ನ ಸರದಿ.

ಕೊನೆಯ ಓಟ ಕ್ಲಿಫರ್ಡನ ಜೊತೆ. ಬಾವುಟ ಬಿದ್ದಿತು. ನೂರೈವತ್ತು ಮೀಟರಿನಲ್ಲಿ ರೂಬೆನ್ ಒಂದು ಬಂಡಿ ಉದ್ದ ಮುಂದಿದ್ದ. ನೂರೆಪ್ಪತ್ತರಲ್ಲಿ ಜಗತ್ತು ಇದ್ದಕ್ಕಿದ್ದಂತೆ ಮೌನವಾಯಿತು.

ಅವನು ಬದುಕಿನಲ್ಲಿ ಕೇಳಿದ ಅತ್ಯಂತ ಭಯಾನಕ ಸದ್ದು ಅದು: ಸದ್ದೇ ಇಲ್ಲದಿರುವುದು. ಎಂಜಿನ್ ಕಚ್ಚಿಕೊಂಡು ನಿಂತಿತ್ತು. ನಿಂತೊಡನೆ ಬೆಲ್ಟು ಸಡಿಲಾಗಿ, ಬಂಡಿ ಮಾತ್ರ ಗಾಜಿನಂಥ ಮಂಜುಗಡ್ಡೆಯ ಮೇಲೆ ಸುಮ್ಮನೆ ಜಾರುತ್ತಾ ಹೋಯಿತು. ಪಕ್ಕದಲ್ಲಿ ಕ್ಲಿಫರ್ಡ್ ಗುಡುಗುತ್ತಾ ಹತ್ತಿರವಾಗುತ್ತಿದ್ದ. ಹೆಣದಂತೆ ಜಾರುತ್ತಿದ್ದ ರೂಬೆನ್ನನ ಬಂಡಿ, ಜೀವಂತ ಬಂಡಿಗಿಂತ ಒಂದು ಗೇಣು ಮುಂಚೆ ಗೆರೆ ದಾಟಿತು.

ಆ ಊರಿನಲ್ಲಿ ಗೆದ್ದವನ ಎಂಜಿನ್ನನ್ನು ಎಲ್ಲರ ಎದುರು ಬಿಚ್ಚಿ ಪರೀಕ್ಷಿಸುವುದು ವಾಡಿಕೆ, ಸಿಲಿಂಡರನ್ನು ಅಳತೆ ಮೀರಿ ಕೊರೆದಿಲ್ಲ ಎಂದು ಖಾತ್ರಿಯಾಗಲಿ ಎಂದು. ಪರೀಕ್ಷಿಸುವವರು ಡ್ಯಾಗ್ನಿ ಹೋಮ್ ಎಂಬ ಟೀಚರ್. ಮೂವತ್ತನಾಲ್ಕು ವರ್ಷ ಆ ಊರಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ರೂಬೆನ್, ಕ್ಲಿಫರ್ಡ್ ಇಬ್ಬರೂ ಅವರ ಪರೀಕ್ಷೆಯಲ್ಲಿ ಫೇಲಾಗಿದ್ದರು.

"ಸತ್ತ ಎಂಜಿನ್ನಿಗೆ ಗೆಲುವು ಕೊಡಬಹುದಾ ಟೀಚರ್?" ಎಂದು ಯಾರೋ ಕೇಳಿದರು.

"ಹಿಮಜಾರು ಹಲಗೆಯ ತುದಿ ಗೆರೆ ದಾಟಬೇಕು ಅಂತ ನಿಯಮ. ಬದುಕಿರಬೇಕು ಅಂತ ಬರೆದಿಲ್ಲ," ಎಂದರು ಅವರು, ಟ್ಯಾಂಕಿಗೆ ಬೆರಳದ್ದಿ, ಎರಡು ಬೆರಳ ನಡುವೆ ಉಜ್ಜುತ್ತಾ. ಮತ್ತೊಮ್ಮೆ ಉಜ್ಜಿದರು. "ರೂಬೆನ್, ಇದರಲ್ಲಿ ಆಯಿಲ್ ಎಲ್ಲಿ?"

"ಇದೆಯಲ್ಲ ಟೀಚರ್. ನೀಲಿ ಇದೆ."

"ನೀಲಿ ಇರೋದು ಪೆಟ್ರೋಲು."

ಡೇರೆಯಲ್ಲಿ ಕಾಫಿ ಹೀರುತ್ತಿದ್ದವರೆಲ್ಲ ಹೀರುವುದು ನಿಲ್ಲಿಸಿದರು. ಅಲ್ಲಿದ್ದ ಒಬ್ಬೊಬ್ಬರೂ ತಮ್ಮ ತಮ್ಮ ಗ್ಯಾರೇಜಿನ ಕ್ಯಾನುಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡರು.

"ಅದಕ್ಕೇ ಹಾಗೆ ಓಡಿದ್ದು," ಎಂದರು ಟೀಚರ್, ಇಲ್ಮಾಳ ಬನ್ನನ್ನು ಕಡಿದು, ಅಗಿದು, ಯೋಚಿಸಿ. "ಸಾಯೋ ಮುಂಚೆ ಕೆಲವು ಹಾಗೆ ಓಡ್ತವೆ. ಇಲ್ಮಾ, ತಪ್ಪು ತಿಳಿಬೇಡಮ್ಮ, ಈ ಬನ್ನಿನಲ್ಲಿ ಅವನ ಟ್ಯಾಂಕಿಗಿಂತ ಜಾಸ್ತಿ ಆಯಿಲ್ ಇದೆ."

"ಆಯಿಲ್ ಕತೆ ಹಾಗಿರಲಿ," ಎಂದ ಕ್ಲಿಫರ್ಡ್. "ಬಡಿತ? ಪೂರ್ತಿ ವಿಮಾನದ ಪೆಟ್ರೋಲು ಹಾಕಿದ್ರೂ ಓಟಕ್ಕೆ ಮುಂಚೆ ಬಡೀತಿತ್ತಲ್ಲ."

ಟೀಚರ್ ಮುಚ್ಚಳವನ್ನು ಪೂರ್ತಿ ಕಳಚಿ ಮೇಜಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದರು. ಒಳಮೈಯ ಸ್ಪಂಜಿನ ಮಡಿಕೆಯಿಂದ ಏನೋ ಹೊರಬಿದ್ದು ನೂಲಿನ ತುದಿಯಲ್ಲಿ ತೂಗಾಡಿತು. ಬೆರಳುದ್ದದ ಮರದ ಕಂಡಿಕೆ, ಮಗ್ಗದ ನೂಲು ಸುತ್ತುವಂಥದ್ದು. ಒಂದು ತುದಿಗೆ ಉಕ್ಕಿನ ಬಳೆ. ಮುಚ್ಚಳ ಎತ್ತಿದರೆ ಮಡಿಕೆಯೊಳಗೆ ಜಾರುವ, ಮುಚ್ಚಿದರೆ ತೂಗಾಡುವ ಹಾಗೆ ಅದನ್ನು ಕಟ್ಟಲಾಗಿತ್ತು. ಟೀಚರ್ ಅದನ್ನು ಬೆರಳಿನಿಂದ ತಳ್ಳಿದರು. ಅದು ಮುಚ್ಚಳದ ಲೋಹಕ್ಕೆ ತಾಗಿತು. ಟಿಕ್.

ರೂಬೆನ್ ಅದನ್ನು ನೋಡಿದೊಡನೆ ಗುರುತು ಹಿಡಿದ. ಮೂವತ್ತು ವರ್ಷದ ಹಿಂದೆ, ಮದುವೆಗೆ ಮುಂಚೆ, ಮೇಪಲ್ ಮರ ಕಡೆದು ಇಲ್ಮಾಗೆ ಮಾಡಿಕೊಟ್ಟಿದ್ದ ಹನ್ನೆರಡರಲ್ಲಿ ಒಂದು. ಆಗ ಅವನಿಗೆ ಅವಳೊಡನೆ ಮಾತಾಡಲು ಅಷ್ಟೇ ಗೊತ್ತಿತ್ತು. ಜನರ ತಲೆಗಳ ಮೇಲಿಂದ ಹೆಂಡತಿಯನ್ನು ಹುಡುಕಿದ. ಅವಳು ಬುಟ್ಟಿಯೊಳಗೆ ಬನ್ನು ಎಣಿಸುತ್ತಿದ್ದಳು. ಬುಟ್ಟಿ ಖಾಲಿಯಿತ್ತು.

"ಏನೋ ಅದು?" ಎಂದ ಕ್ಲಿಫರ್ಡ್.

ರೂಬೆನ್ ನೂಲನ್ನು ಕಿತ್ತು ಕಂಡಿಕೆಯನ್ನು ಜೇಬಿಗೆ ಹಾಕಿಕೊಂಡ. "ಇಲಿ," ಎಂದ.

ಟೀಚರ್ ಕನ್ನಡಕದ ಮೇಲಿಂದ ಅವನನ್ನು ನೋಡಿದರು, ಮುಚ್ಚಳದಲ್ಲಿ ಉಳಿದ ಗಂಟನ್ನು ನೋಡಿದರು, ಆಮೇಲೆ ಇಲ್ಮಾಳನ್ನು. "ನೇಕಾರರ ಗಂಟು ಹಾಕೋ ಇಲಿ. ಇರಬಹುದು. ವಿಜ್ಞಾನದಲ್ಲಿ ಹೊಸ ವಿಷಯ ಬರ್ತಾನೇ ಇರುತ್ತೆ." ಎಂಜಿನ್ನಿನ ಅಳತೆ ಸರಿಯಿದೆ ಎಂದು ರುಜು ಹಾಕಿದರು.

ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಗೆಲುವಿನ ಬಟ್ಟಲು, ಅದರ ಪಕ್ಕದಲ್ಲಿ ಕಂಡಿಕೆ. ಗಂಡಹೆಂಡತಿ ಎರಡು ಕಡೆ ಕೂತರು. ಒಲೆಯಲ್ಲಿ ಇನ್ನೂ ಪೆಟ್ರೋಲಿನ ವಾಸನೆ.

"ನೀನು ಹೆದರ್ತೀಯ ಅಂದ್ಕೊಂಡೆ," ಎಂದಳು ಇಲ್ಮಾ.

"ಹೆದರಿದೆ."

"ಹೆದರಿದೋರು ಮನೇಲಿ ಕೂರ್ತಾರೆ ರೂಬೆನ್. ವಿಮಾನದ ಪಟ್ಟಿಗೆ ಹೋಗಲ್ಲ."

ರೂಬೆನ್ ಕಂಡಿಕೆಯನ್ನು ಕೈಗೆ ತೆಗೆದುಕೊಂಡ.

"ನಾನು ಅದನ್ನ ಕಟ್ಟದೇ ಇದ್ದಿದ್ರೆ," ಎಂದಳು, ಒಂದೊಂದೇ ಎಳೆ ಬಿಡಿಸುವವಳಂತೆ, "ನೀನು ಮಾಮೂಲಿ ಪೆಟ್ರೋಲು ಹಾಕಿ, ಮಾಮೂಲಿನ ಹಾಗೆ ಎರಡನೆಯವನಾಗಿ ಬಂದು, ಈ ಹೊತ್ತಿಗೆ ನನ್ನ ಮಗ್ಗ ಗ್ಯಾರೇಜಿನಲ್ಲಿ ಇರ್ತಿತ್ತು."

"ಹೌದು."

"ನನ್ನ ಕೈಯಾರೆ ನಿನ್ನ ಗೆಲ್ಲಿಸಿದೆ."

"ಎಂಜಿನ್ನನ್ನ ಕೊಂದೂ ಹಾಕಿದೆ."

"ಅದು ನೀನು. ಆಯಿಲ್ ಮರೆತೋನು ನೀನು."

ರೂಬೆನ್ ಒಪ್ಪಿಕೊಂಡ. ಕಂಡಿಕೆಯನ್ನು ಬೆರಳಲ್ಲಿ ಉರುಳಿಸುತ್ತಾ ಕೂತ. ಒಂಬತ್ತು ವರ್ಷ ತೊಲೆ ದಾಟಿದ ಹೆಂಗಸು ಒಂದು ಮಾತೂ ಒರಟಾಗಿ ಆಡದೆ, ಒಂದು ದಾರ ಕಟ್ಟಿ ಕಾಯುತ್ತಾ ಕೂತಿದ್ದಳು. ಎಷ್ಟು ಒತ್ತಿದರೂ ತಡೆದುಕೊಂಡು, ತನ್ನ ಸರದಿಗೆ ಹತ್ತಿಕೊಳ್ಳುವುದು. ಅಂಥದ್ದು ಮನೆಯಲ್ಲೇ ಇತ್ತು. ಎರಡು ಕ್ಯಾನು ಹಿಡಿದು ಊರಾಚೆ ಹೋಗುವ ಅಗತ್ಯವಿರಲಿಲ್ಲ.

"ಸತ್ತ ಎಂಜಿನ್ನಿಗೆ ಬೆಚ್ಚನೆ ಜಾಗ ಯಾಕೆ," ಎಂದ ಕೊನೆಗೆ. "ತೊಲೆಯ ಆ ತುದಿ ಹಿಡ್ಕೋ."

ಮುಂದಿನ ಶನಿವಾರದ ಹೊತ್ತಿಗೆ ಮಗ್ಗ ಗ್ಯಾರೇಜಿನಲ್ಲಿ ನಿಂತಿತ್ತು. ಬಂಡಿಯ ಒಡಲು ಹೊರಗೆ ಹಿಮ ಹೊದ್ದು ಮಲಗಿತ್ತು. ಆದರೆ ಕಚ್ಚಿಕೊಂಡ ಪಿಸ್ಟನ್ ಬಿಡಿಸಲು ಬೆರಳು ಮರಗಟ್ಟಬಾರದು, ಅದಕ್ಕೆ ಬೆಚ್ಚನೆ ಜಾಗವೇ ಬೇಕು. ಮನೆಯಲ್ಲಿ ಖಾಲಿಯಾಗಿದ್ದ ಬೆಚ್ಚನೆ ಜಾಗವೆಂದರೆ ಮಲಗುವ ಕೋಣೆಯಲ್ಲಿ ಮಗ್ಗ ಬಿದ್ದಿದ್ದ ಜಾಗ. ಪಂದ್ಯದ ವಿಜೇತ ಈಗ ಹಾಸಿಗೆ ಸೇರಬೇಕಾದರೆ ಎರಡು ಸಿಲಿಂಡರು, ಒಂದು ಕ್ರ್ಯಾಂಕು ದಾಟಬೇಕಿತ್ತು. ದಾಟುವಾಗ ಒಂದು ಸಣ್ಣ ನಿಟ್ಟುಸಿರು ಬಿಡುತ್ತಿದ್ದ.

ಅಂದು ಅವನು ಮೊಣಕೈತನಕ ಆಯಿಲ್ ಮೆತ್ತಿಕೊಂಡು ಕೂತಿದ್ದಾಗ ಕಿಟಕಿಯ ಹೊರಗೆ ಕ್ಲಿಫರ್ಡನ ತಲೆ ಕಾಣಿಸಿತು. ಅವನು ಗ್ಯಾರೇಜಿನತ್ತ ಕಿವಿ ಕೊಟ್ಟು ನಿಂತಿದ್ದ. ಅಲ್ಲಿಂದ ಕೇಳುತ್ತಿತ್ತು: ಟಕ್, ಟಕ್, ಟಕ್.

"ಆಗಲೇ ಜೋಡಿಸಿಬಿಟ್ಯಾ? ಇನ್ನೂ ಬಡೀತಿದೆಯಲ್ಲೋ ಮಾರಾಯ," ಎಂದ ಕ್ಲಿಫರ್ಡ್, ಚಿಂತೆಯಿಂದ. "ವರ್ನ್ ಹತ್ರ ಇನ್ನೊಂದು ಕ್ಯಾನ್ ತರ್ಲಾ?"

"ಬೇಡ. ಅದು ಚೆನ್ನಾಗೇ ಓಡ್ತಿದೆ," ಎಂದು ರೂಬೆನ್ ಕಿಟಕಿ ಮುಚ್ಚಿ ತಿರುಗಿದ. ತಿರುಗಿದ ರಭಸಕ್ಕೆ ಕಾಲ ಹೆಬ್ಬೆರಳು ಸಿಲಿಂಡರಿಗೆ ಬಡಿದು, ಕ್ರ್ಯಾಂಕು ಉರುಳಿ, ಮನೆಯೆಲ್ಲ ಠಣ್ ಎಂದಿತು.

ಗ್ಯಾರೇಜಿನಲ್ಲಿ ಮಗ್ಗ ಒಂದು ಗಳಿಗೆ ನಿಂತಿತು.

"ಏನದು ಸದ್ದು?" ಎಂದು ಇಲ್ಮಾ ಅಲ್ಲಿಂದಲೇ ಕೂಗಿದಳು.

ರೂಬೆನ್ ಹೆಬ್ಬೆರಳು ಹಿಡಿದುಕೊಂಡು ಹಾಸಿಗೆಯ ಅಂಚಿಗೆ ಕೂತ.

"ಇಲಿ," ಎಂದ.